ಇಂಕ್‌ಸ್ಕೇಪ್‌ನಲ್ಲಿ ಅಂಕುಡೊಂಕು, ಜಾಲಿ, ಬಳ್ಳಿ: ಮರುಕಳಿಸುವ ವಿನ್ಯಾಸದ ಲೆಕ್ಕ

ಬೀದರಿನ ಮಹಮೂದ್ ಗವಾನ್ ಮದರಸಾದಲ್ಲಿ ಉಳಿದುಕೊಂಡಿರುವ ಮಿನಾರಿನ ಮೈಮೇಲೆ ಮೆರುಗಿನ ಟೈಲ್ಸ್ ಅಂಕುಡೊಂಕು ಪಟ್ಟೆಗಳಾಗಿ ಸುತ್ತಿಕೊಂಡಿವೆ. 1472ರ ಕಟ್ಟಡ. ಬಹಳಷ್ಟು ಟೈಲ್ಸ್ ಉದುರಿವೆ. ಆದರೂ ಉಳಿದ ಪಟ್ಟೆಗಳನ್ನು ನೋಡಿ ಉದುರಿದ ಜಾಗದಲ್ಲಿ ಏನಿತ್ತೆಂದು ಯಾರು ಬೇಕಾದರೂ ಹೇಳಬಹುದು. ಒಂದು ಏರು, ಒಂದು ಇಳಿವು, ಮುಂದಿನ ಪಟ್ಟೆ ಎಷ್ಟು ಕೆಳಗೆ ಶುರುವಾಗುತ್ತದೆ ಎಂಬುದು ಗೊತ್ತಾದರೆ ಸಾಕು, ಮಿಕ್ಕಿದ್ದೆಲ್ಲ ತಾನಾಗಿಯೇ ಬರುತ್ತದೆ. ವೆಕ್ಟರ್ ಚಿತ್ರದ (ಗೆರೆ, ಆಕಾರಗಳನ್ನು ಅಂಕಿಗಳಲ್ಲಿ ಹಿಡಿದಿಡುವ ಚಿತ್ರದ) ತಂತ್ರಾಂಶಕ್ಕೂ ನಾವು ಹೇಳಬೇಕಾದದ್ದು ಎರಡೇ ಸಂಗತಿ: ಮರುಕಳಿಸುವ ತುಣುಕು ಯಾವುದು, ಅದು ಎಷ್ಟು ಅಂತರಕ್ಕೆ ಮತ್ತೆ ಬರಬೇಕು.

ಈ ಎರಡನೆಯದನ್ನೇ ಬಹಳ ಜನ ಮರೆಯುತ್ತಾರೆ. ಹೂವನ್ನು ಚೆಂದ ಬರೆಯುತ್ತಾರೆ, ಕಾಪಿ ಮಾಡಿ ಕಣ್ಣಳತೆಯಲ್ಲಿ ಪಕ್ಕಕ್ಕಿಡುತ್ತಾರೆ. ಲಗ್ನಪತ್ರಿಕೆಯ ಅಂಚಿಗೆ ಅದು ನಡೆದೀತು. ಹತ್ತು ಅಡಿಯ ಫ್ಲೆಕ್ಸಿಗೆ, ಲೇಸರಿನಲ್ಲಿ ಕತ್ತರಿಸುವ ಗೇಟಿನ ತಗಡಿಗೆ, ಬಿದ್ರಿ ತಟ್ಟೆಯ ದುಂಡನೆಯ ಅಂಚಿಗೆ ನಡೆಯುವುದಿಲ್ಲ. ಅರ್ಧ ಮಿಲಿಮೀಟರಿನ ತಪ್ಪು ನಲವತ್ತನೇ ಹೂವಿನ ಹೊತ್ತಿಗೆ 20 ಮಿ.ಮೀ. ಆಗಿರುತ್ತದೆ.

ಶಹಾಬಾದ್ ಫರಸಿ ಹಾಸುವವರು ಕೋಣೆಗೆ ಎಷ್ಟು ಸಾಲು ಕಲ್ಲು ಬರುತ್ತದೆಂದು ಲೆಕ್ಕ ಹಾಕುವಾಗ ಕಲ್ಲಿನ ಅಳತೆಗೆ ಸಂದಿನ ಅಳತೆಯನ್ನೂ ಸೇರಿಸಿಕೊಳ್ಳುತ್ತಾರೆ. ಇಲ್ಲೂ ಹಾಗೆಯೇ: ಹೂವು ಮತ್ತು ಅದರ ಸುತ್ತಲಿನ ಖಾಲಿ ಜಾಗ ಎರಡೂ ಸೇರಿದ ಆಯತವೇ ಮರುಕಳಿಸುವ ಘಟಕ. ಅದನ್ನು ಈ ಲೇಖನದಲ್ಲಿ ‘ಮನೆ’ ಎನ್ನೋಣ. ಮುಂದೆ ಬರುವ ತೊಂದರೆಗಳಲ್ಲಿ ಮುಕ್ಕಾಲು ಪಾಲು ಈ ಮನೆಯ ಅಳತೆ ತಪ್ಪಿದ್ದರಿಂದ ಹುಟ್ಟುವಂಥವು.

ಉದಾಹರಣೆಗಳಿಗೆ ಇಂಕ್‌ಸ್ಕೇಪ್ ಎಂಬ ವೆಕ್ಟರ್ ತಂತ್ರಾಂಶ ಬಳಸಿದ್ದೇನೆ. ಅದು ಉಚಿತ, ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ, ಮರುಕಳಿಕೆಗೆ ಅದರಲ್ಲಿರುವಷ್ಟು ಸಲಕರಣೆ ದುಡ್ಡು ಕೊಟ್ಟು ತರುವ ಕೆಲವು ತಂತ್ರಾಂಶಗಳಲ್ಲೂ ಇಲ್ಲ. ಆವೃತ್ತಿ 1.3 ಅಥವಾ ಅದಕ್ಕಿಂತ ಹೊಸದು ಇರಲಿ. 2023ರ ಜುಲೈನಲ್ಲಿ ಬಂದ ಆ ಆವೃತ್ತಿಯಲ್ಲೇ ಪ್ಯಾಟರ್ನ್ ತಿದ್ದುವ ಹೊಸ ಫಲಕ ಸೇರಿದ್ದು.

ನಾಲ್ಕು ದಾರಿ, ನಾಲ್ಕು ಬೇರೆ ಫಲ

ಪರದೆಯ ಮೇಲೆ ಒಂದೇ ಥರ ಕಾಣುವ ಹೂವಿನ ಸಾಲನ್ನು ನಾಲ್ಕು ರೀತಿಯಲ್ಲಿ ಮಾಡಬಹುದು. ಒಳಗೆ ಅವು ಬೇರೆ ಬೇರೆ ವಸ್ತುಗಳು.

ಮೊದಲನೆಯದು ಡೂಪ್ಲಿಕೇಟ್, ಕಂಟ್ರೋಲ್+ಡಿ. ಪ್ರತಿಯೊಂದೂ ಸ್ವತಂತ್ರ ಆಕಾರ. ಒಂದನ್ನು ತಿದ್ದಿದರೆ ಉಳಿದವಕ್ಕೆ ಗೊತ್ತಾಗುವುದಿಲ್ಲ.

ಎರಡನೆಯದು ಕ್ಲೋನ್, ಆಲ್ಟ್+ಡಿ. ಕಡತದಲ್ಲಿ ಆಕಾರ ಒಂದೇ ಸಲ ಇರುತ್ತದೆ, ಪ್ರತಿ ಕ್ಲೋನ್ ಎಂದರೆ ‘ಆ ಆಕಾರವನ್ನು ಇಲ್ಲಿ ತೋರಿಸು’ ಎಂಬ ಸೂಚನೆ ಮಾತ್ರ. ಮೂಲದ ಒಂದು ಎಸಳು ತಿದ್ದಿದರೆ ನೂರು ಹೂವೂ ಬದಲಾಗುತ್ತವೆ. ಕ್ಲೋನಿನ ನೋಡ್‌ಗಳನ್ನು (ಆಕಾರವನ್ನು ರೂಪಿಸುವ ಬಿಂದುಗಳನ್ನು) ಮುಟ್ಟಲು ಆಗುವುದಿಲ್ಲ. ಶಿಫ್ಟ್+ಡಿ ಒತ್ತಿದರೆ ಅದರ ಮೂಲ ಎಲ್ಲಿದೆಯೆಂದು ತೋರಿಸುತ್ತದೆ. ಶಿಫ್ಟ್+ಆಲ್ಟ್+ಡಿ ಒತ್ತಿದರೆ ನಂಟು ಕಡಿದು ಸ್ವತಂತ್ರ ಆಕಾರವಾಗುತ್ತದೆ.

ಮೂರನೆಯದು ಪ್ಯಾಟರ್ನ್. ಇಲ್ಲಿ ಹೂವುಗಳು ಆಕಾರಗಳೇ ಅಲ್ಲ, ಒಂದು ಆಕಾರದೊಳಗೆ ತುಂಬಿದ ಬಣ್ಣದ ಹಾಗೆ. ಅಂಗಿಯ ಆಕಾರ ಬರೆದು ಅದರೊಳಗೆ ಹೂವಿನ ಬಟ್ಟೆ ತುಂಬಬಹುದು. ಕಡತ ಹಗುರ, ಹತ್ತು ಸಾವಿರ ಹೂವಿದ್ದರೂ ಕಂಪ್ಯೂಟರ್ ತಡವರಿಸುವುದಿಲ್ಲ. ಆದರೆ ಕತ್ತರಿಸುವ ಯಂತ್ರಕ್ಕೆ ಅಲ್ಲಿ ಗೆರೆಯೇ ಇರುವುದಿಲ್ಲ.

ನಾಲ್ಕನೆಯದು ಪಾತ್ ಎಫೆಕ್ಟ್. ಪಾತ್ ಎಂದರೆ ನೋಡ್‌ಗಳನ್ನು ಜೋಡಿಸುವ ಗೆರೆ. ಗೆರೆಯೊಂದರ ಮೇಲೆ ತುಣುಕನ್ನು ಬಾಗಿಸಿ ಓಡಿಸುವುದು, ಕೇಂದ್ರದ ಸುತ್ತ ತಿರುಗಿಸಿ ನಕಲು ಮಾಡುವುದು, ಕನ್ನಡಿಯಂತೆ ಮಗುಚುವುದು ಇವೆಲ್ಲ ಇದರಲ್ಲಿ ಸೇರುತ್ತವೆ. ಮೂಲ ಆಕಾರ ಒಳಗೆ ಉಳಿದೇ ಇರುವುದರಿಂದ ಯಾವಾಗ ಬೇಕಾದರೂ ತಿದ್ದಬಹುದು.

ಯಾವುದನ್ನು ಆರಿಸಬೇಕು ಎಂಬುದಕ್ಕೆ ಚಿತ್ರ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿಕೊಳ್ಳಿ. ಕಾಗದ, ಫ್ಲೆಕ್ಸ್, ಪರದೆಗಾದರೆ ಪ್ಯಾಟರ್ನ್ ಸಾಕು. ಲೇಸರ್, ಪ್ಲಾಸ್ಮಾ, ವಿನೈಲ್ ಪ್ಲಾಟರಿಗಾದರೆ ಕ್ಲೋನ್ ಮಾಡಿ ನಂಟು ಕಡಿಯಬೇಕು. ದುಂಡು ಅಂಚಿಗೆ ಪಾತ್ ಎಫೆಕ್ಟ್.

ಮಿನಾರಿನ ಅಂಕುಡೊಂಕು

ಮೊದಲು ಪ್ಯಾಟರ್ನ್ ಮಾಡೋಣ. ಮನೆಯ ಅಳತೆ 40 × 30 ಮಿ.ಮೀ. ಎಂದಿಟ್ಟುಕೊಳ್ಳಿ. ಮೂರು ಬಣ್ಣದ ಪಟ್ಟೆ, ಪ್ರತಿಯೊಂದರ ದಪ್ಪ ಲಂಬವಾಗಿ 10 ಮಿ.ಮೀ.

ಫೈಲ್ ಮೆನುವಿನ ಡಾಕ್ಯುಮೆಂಟ್ ಪ್ರಾಪರ್ಟೀಸ್‌ನಲ್ಲಿ ಅಳತೆಯ ಮಾನವನ್ನು ಮಿ.ಮೀ. ಮಾಡಿ, ಗ್ರಿಡ್ಸ್‌ನಲ್ಲಿ 10 ಮಿ.ಮೀ. ಅಂತರದ ಗ್ರಿಡ್ ಹಾಕಿ, ಸ್ನ್ಯಾಪ್ (ಬಿಂದುಗಳು ಗ್ರಿಡ್ಡಿಗೆ ತಾವಾಗಿ ಅಂಟುವ ಸೌಕರ್ಯ) ಚಾಲೂ ಮಾಡಿ. ಪೆನ್ ಸಲಕರಣೆಯಿಂದ ಈ ಆರು ಬಿಂದುಗಳನ್ನು ಕ್ರಮವಾಗಿ ಒತ್ತಿ ಮುಚ್ಚಿ: (0,20), (20,0), (40,20), (40,30), (20,10), (0,30). ಇಂಕ್‌ಸ್ಕೇಪ್ 1.0ರಿಂದ ಎರಡನೇ ಅಂಕಿ ಮೇಲಿನಿಂದ ಕೆಳಕ್ಕೆ ಬೆಳೆಯುತ್ತದೆ, ಆದ್ದರಿಂದ ತುದಿ ಮೇಲಕ್ಕಿರುವ ಒಂದು ಏರಿಳಿತ ಸಿಗುತ್ತದೆ. ಒಳಗೆ ನೀಲಿ ತುಂಬಿ, ಸ್ಟ್ರೋಕ್ (ಅಂಚಿನ ಗೆರೆ) ಪೂರ್ತಿ ತೆಗೆಯಿರಿ.

ಸ್ಟ್ರೋಕ್ ತೆಗೆಯುವುದು ಅಂದಕ್ಕಾಗಿ ಅಲ್ಲ. 1 ಮಿ.ಮೀ. ಸ್ಟ್ರೋಕ್ ಇದ್ದರೆ ಅದರ ಅರ್ಧ ಆಕಾರದ ಹೊರಗೆ ಚಾಚಿಕೊಂಡಿರುತ್ತದೆ. ಆಗ 40 ಮಿ.ಮೀ. ಅಗಲದ ಆಕಾರವನ್ನು ತಂತ್ರಾಂಶ 41 ಎಂದು ಓದುತ್ತದೆ, ಮನೆಯೂ 41 ಆಗುತ್ತದೆ, ಪಟ್ಟೆಗಳ ನಡುವೆ ಬಿರುಕು ಬರುತ್ತದೆ. ಚೂಪು ಮೂಲೆಗಳಲ್ಲಿ ಸ್ಟ್ರೋಕ್ ಇನ್ನೂ ದೂರ ಚಾಚುತ್ತದೆ.

ಪಟ್ಟೆಯನ್ನು ಡೂಪ್ಲಿಕೇಟ್ ಮಾಡಿ. ಟ್ರಾನ್ಸ್‌ಫಾರ್ಮ್ ಫಲಕ (ಕಂಟ್ರೋಲ್+ಶಿಫ್ಟ್+ಎಂ) ತೆರೆದು, ಮೂವ್ ಪುಟದಲ್ಲಿ ‘ರಿಲೇಟಿವ್ ಮೂವ್’ ಗುರುತು ಹಾಕಿ, ಕೆಳಕ್ಕೆ 10 ಮಿ.ಮೀ. ಸರಿಸಿ, ಬಿಳಿ ತುಂಬಿ. ಇನ್ನೊಂದನ್ನು 20 ಮಿ.ಮೀ. ಕೆಳಗಿಟ್ಟು ಹಳದಿ ತುಂಬಿ. ಈಗ ನೀಲಿ ಪಟ್ಟೆ 0ಯಿಂದ 30ರವರೆಗೆ ಇದೆ, ಮನೆಯೊಳಗೆ ಸರಿಯಾಗಿ ಕೂತಿದೆ. ಬಿಳಿಯದು 40ರವರೆಗೆ, ಹಳದಿಯದು 50ರವರೆಗೆ ಕೆಳಗೆ ಇಳಿದಿವೆ.

ಇಲ್ಲಿ ಒಂದೇ ನಿಯಮ: ಮನೆಯ ಕೆಳಗಿನಿಂದ ಹೊರಹೋದದ್ದು ಮೇಲಿನಿಂದ ಒಳಗೆ ಬರಬೇಕು, ಸರಿಯಾಗಿ ಮನೆಯ ಎತ್ತರದಷ್ಟೇ ಅಂತರಕ್ಕೆ. ಬಿಳಿ ಮತ್ತು ಹಳದಿ ಪಟ್ಟೆಗಳನ್ನು ಡೂಪ್ಲಿಕೇಟ್ ಮಾಡಿ 30 ಮಿ.ಮೀ. ಮೇಲಕ್ಕೆ ಸರಿಸಿ. ಒಟ್ಟು ಐದು ತುಂಡುಗಳಾದವು, ಮನೆಯಲ್ಲಿ ಎಲ್ಲೂ ಖಾಲಿ ಇಲ್ಲ. ಎಡಬಲಕ್ಕೆ ಹೊರಚಾಚುವ ಹೂವು, ಎಲೆಗಳಿಗೂ ಇದೇ ನಿಯಮ. ಕಣ್ಣಳತೆ ಬೇಡ, ಅಂಕಿ ಬರೆದೇ ಸರಿಸಿ.

ಐದನ್ನೂ ಗ್ರೂಪ್ ಮಾಡಿ (ಕಂಟ್ರೋಲ್+ಜಿ). ಅದರ ಮೇಲೆ ಸ್ಟ್ರೋಕ್ ಇಲ್ಲದ ಆಯತ ಬರೆದು, ಎಕ್ಸ್ 0, ವೈ 0, ಅಗಲ 40, ಎತ್ತರ 30 ಎಂದು ಅಂಕಿ ಕೊಡಿ. ಎರಡನ್ನೂ ಆಯ್ದು ಆಬ್ಜೆಕ್ಟ್ > ಕ್ಲಿಪ್ > ಸೆಟ್ ಕ್ಲಿಪ್. ಆಯತ ಎಲ್ಲಕ್ಕಿಂತ ಮೇಲಿರಬೇಕು, ಇಲ್ಲದಿದ್ದರೆ ಪಟ್ಟೆಗಳೇ ಆಯತವನ್ನು ಕತ್ತರಿಸುತ್ತವೆ. ನಂತರ ಆಬ್ಜೆಕ್ಟ್ > ಪ್ಯಾಟರ್ನ್ > ಆಬ್ಜೆಕ್ಟ್ಸ್ ಟು ಪ್ಯಾಟರ್ನ್ (ಆಲ್ಟ್+ಐ).

ಈ ಕ್ಲಿಪ್ಪಿನ ಹಂತ ಬಿಟ್ಟರೆ ಏನಾಗುತ್ತದೆ? ಇಂಕ್‌ಸ್ಕೇಪ್ ಆಯ್ದ ವಸ್ತುಗಳ ಒಟ್ಟು ಕಾಣುವ ಅಳತೆಯನ್ನೇ ಮನೆಯೆಂದು ತಿಳಿಯುತ್ತದೆ. ನಮ್ಮ ಐದು ತುಂಡುಗಳು ಮೇಲೆ 20, ಕೆಳಗೆ 20 ಮಿ.ಮೀ. ಚಾಚಿರುವುದರಿಂದ ಮನೆ 40 × 70 ಆಗಿಬಿಡುತ್ತದೆ, ಮೇಲೂ ಕೆಳಗೂ ಹಲ್ಲು ಹಲ್ಲಾದ ಖಾಲಿ ಜಾಗ ಉಳಿಯುತ್ತದೆ. ಹೂವು ಮನೆಗಿಂತ ಚಿಕ್ಕದಿದ್ದಾಗ ತೊಂದರೆ ಇದರ ಉಲ್ಟಾ: ಮನೆ ಹೂವಿನಷ್ಟೇ ಆಗಿ ಹೂವುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅದಕ್ಕೆ ಫಿಲ್ (ಒಳಬಣ್ಣ) ಇಲ್ಲದ, ಸ್ಟ್ರೋಕೂ ಇಲ್ಲದ ಆಯತವನ್ನು ಬೇಕಾದ ಅಳತೆಗೆ ಬರೆದು ಹೂವಿನ ಜೊತೆ ಗ್ರೂಪ್ ಮಾಡಬೇಕು. ಕಣ್ಣಿಗೆ ಕಾಣದಿದ್ದರೂ ಲೆಕ್ಕಕ್ಕೆ ಸಿಗುತ್ತದೆ. ಸುಮ್ಮನೆ ನಡುವೆ ಅಂತರ ಬೇಕಷ್ಟೇ ಎನ್ನುವುದಾದರೆ ಫಿಲ್ ಆ್ಯಂಡ್ ಸ್ಟ್ರೋಕ್ ಫಲಕದಲ್ಲಿ ಪ್ಯಾಟರ್ನಿನ ‘ಗ್ಯಾಪ್’ ಅಂಕಿ ಹೆಚ್ಚಿಸಿದರೂ ಆಗುತ್ತದೆ. ಅಳತೆ, ತಿರುವು, ಸ್ಥಾನ ಬದಲಿಸುವ ಅಂಕಿಗಳೂ ಅಲ್ಲೇ ಇವೆ.

ಪ್ಯಾಟರ್ನ್ ತುಂಬಿದ ಆಯತವನ್ನು ದೊಡ್ಡದು ಮಾಡುವಾಗ ಆಯತದ ಸಲಕರಣೆಯ ಹಿಡಿಕೆಗಳನ್ನೇ ಎಳೆಯಿರಿ. ಬಾಣದ ಸಲಕರಣೆಯಿಂದ ಎಳೆದರೆ ಸಾಮಾನ್ಯವಾಗಿ ಪಟ್ಟೆಗಳೂ ಹಿಗ್ಗುತ್ತವೆ. ಬಾಣದ ಸಲಕರಣೆ ಹಿಡಿದಾಗ ಮೇಲಿನ ಪಟ್ಟಿಯಲ್ಲಿ ಒಂದು ಚಿಕ್ಕ ಗುಂಡಿ ಇದೆ: ಆಕಾರದ ಜೊತೆ ಪ್ಯಾಟರ್ನ್ ಸರಿಯಬೇಕೋ ಬೇಡವೋ ಎಂದು ನಿರ್ಧರಿಸುವುದು ಅದು. ಅದನ್ನು ಆಫ್ ಮಾಡಿದರೆ ಪ್ಯಾಟರ್ನ್ ಪುಟಕ್ಕೆ ಅಂಟಿಕೊಂಡು ನಿಂತು, ಆಕಾರ ಮಾತ್ರ ಅದರ ಮೇಲೆ ಚಲಿಸುತ್ತದೆ. ಕಮಾನಿನ ಎಡಬಲದ ಎರಡು ಗೋಡೆಗಳಲ್ಲಿ ಪಟ್ಟೆಗಳು ಒಂದೇ ಸಾಲಿಗೆ ಬರಬೇಕೆಂದಾಗ ಈ ಗುಂಡಿ ಬಹಳ ಉಪಯೋಗ. ಅದೇ ಕಡತವನ್ನು ಪತ್ರಿಕೆಯ ಅಳತೆಯಿಂದ ಫ್ಲೆಕ್ಸಿನ ಅಳತೆಗೆ ಹಿಗ್ಗಿಸುವಾಗ ಮರೆಯದೆ ಚಾಲೂ ಮಾಡಬೇಕು. ಇಲ್ಲದಿದ್ದರೆ ಆಕಾರ ಇಪ್ಪತ್ತು ಪಟ್ಟು ಬೆಳೆದು ಪಟ್ಟೆ ಅಷ್ಟೇ ಉಳಿಯುತ್ತದೆ.

ಕೂದಲೆಳೆಯ ಬಿಳಿ ಗೆರೆ

ಪ್ಯಾಟರ್ನ್ ಮಾಡಿದವರೆಲ್ಲ ಕೇಳುವ ಪ್ರಶ್ನೆ ಇದು. ಮನೆಗಳ ನಡುವೆ, ಕೆಲವೊಮ್ಮೆ ಬಣ್ಣಗಳ ನಡುವೆ, ಕೂದಲಿನಷ್ಟು ತೆಳು ಗೆರೆ ಕಾಣುತ್ತದೆ. ಝೂಮ್ ಮಾಡಿದರೆ ಮಾಯವಾಗುತ್ತದೆ, ಮತ್ತೊಂದು ಝೂಮಿನಲ್ಲಿ ಮತ್ತೆ ಬರುತ್ತದೆ. ಅಳತೆ ತಪ್ಪಿಲ್ಲದಿದ್ದರೂ ಬರುತ್ತದೆ.

ಕಾರಣ ಪಿಕ್ಸೆಲ್‌ಗಳಲ್ಲಿದೆ. ಮನೆಯ ಅಂಚು ಪಿಕ್ಸೆಲ್ಲಿನ ನಡುವೆ ಬಿದ್ದಾಗ ತಂತ್ರಾಂಶ ಎಡಭಾಗದ ಮನೆಯಿಂದ ಅರ್ಧ ಪಾರದರ್ಶಕ ನೀಲಿ ಹಚ್ಚುತ್ತದೆ, ಬಲಭಾಗದ ಮನೆಯಿಂದ ಇನ್ನೊಮ್ಮೆ ಅರ್ಧ ಹಚ್ಚುತ್ತದೆ. ಅರ್ಧದ ಮೇಲೆ ಅರ್ಧ ಕೂತರೆ ಪೂರ್ತಿಯಾಗುವುದಿಲ್ಲ, ಮುಕ್ಕಾಲಾಗುತ್ತದೆ. ಉಳಿದ ಕಾಲುಭಾಗದಲ್ಲಿ ಹಿಂದಿನ ಬಿಳಿ ಇಣುಕುತ್ತದೆ.

ಹೀಗಾಗಿ ಚಿತ್ರವನ್ನು ಪಿಎನ್‌ಜಿ ಆಗಿ ಹೊರತೆಗೆಯುವಾಗ ಮನೆಯ ಅಳತೆ ಪೂರ್ಣಾಂಕದ ಪಿಕ್ಸೆಲ್ ಆಗುವಂತೆ ಡಿಪಿಐ (ಇಂಚಿಗೆ ಎಷ್ಟು ಪಿಕ್ಸೆಲ್ ಎಂಬ ಅಂಕಿ) ಆರಿಸಿ. ಇಂಕ್‌ಸ್ಕೇಪಿನ ಸಹಜ ಅಳತೆ ಇಂಚಿಗೆ 96 ಪಿಕ್ಸೆಲ್. ಅದರಲ್ಲಿ 40 ಮಿ.ಮೀ. ಎಂದರೆ 151.18 ಪಿಕ್ಸೆಲ್. 300 ಡಿಪಿಐ ಕೊಟ್ಟರೆ 472.44. ಎರಡೂ ಒಡೆದ ಅಂಕಿಗಳು. 254 ಡಿಪಿಐ ಕೊಡಿ: ಒಂದು ಮಿ.ಮೀ.ಗೆ ಸರಿಯಾಗಿ 10 ಪಿಕ್ಸೆಲ್, ಮನೆ 400 × 300. ದೊಡ್ಡ ಫ್ಲೆಕ್ಸಿಗೆ 127 ಡಿಪಿಐ ಸಾಕು, ಮಿ.ಮೀ.ಗೆ 5 ಪಿಕ್ಸೆಲ್. ಮನೆಯ ಮೂಲೆ ಪುಟದ ಮೂಲೆಯಿಂದ ಇಡೀ ಮಿಲಿಮೀಟರಿನ ಲೆಕ್ಕದಲ್ಲೇ ಶುರುವಾಗಿರಬೇಕು.

ಪಿಡಿಎಫ್ ಆಗಿಯೇ ಮುದ್ರಣಕ್ಕೆ ಕೊಡಬೇಕಾದರೆ ಬೇರೆ ಉಪಾಯ. ಪ್ಯಾಟರ್ನ್ ತುಂಬಿದ ಆಕಾರವನ್ನು ಡೂಪ್ಲಿಕೇಟ್ ಮಾಡಿ, ಅದಕ್ಕೆ ಪಟ್ಟೆಗಳಲ್ಲಿ ಗಾಢವಾದ ಒಂದೇ ಬಣ್ಣ ತುಂಬಿ, ಹಿಂದೆ ಇಡಿ. ಸಂದಿನಲ್ಲಿ ಬಿಳಿಯ ಬದಲು ನೀಲಿ ಇಣುಕಿದರೆ ಕಣ್ಣಿಗೆ ಬೀಳುವುದಿಲ್ಲ. ಮನೆಯೊಳಗೆ ಬಣ್ಣಗಳ ನಡುವೆ ಗೆರೆ ಕಂಡರೆ ಕೆಳಗಿನ ಪದರದ ಪಟ್ಟೆಯನ್ನು ಪಕ್ಕದ ಪಟ್ಟೆಯ ಅಡಿಗೆ 0.2 ಮಿ.ಮೀ. ಚಾಚಿ.

ಟೈಲ್ಡ್ ಕ್ಲೋನ್ಸ್ ಮತ್ತು ಹದಿನೇಳು ಬಗೆಯ ಸಮ್ಮಿತಿ

ಎಡಿಟ್ > ಕ್ಲೋನ್ > ಕ್ರಿಯೇಟ್ ಟೈಲ್ಡ್ ಕ್ಲೋನ್ಸ್. ಈ ಫಲಕದ ಮೊದಲ ಪುಟ ತೆರೆದ ಕೂಡಲೇ ಪಿ1, ಪಿಎಂ, ಪಿ4ಎಂ, ಪಿ6ಎಂ ಎಂದು ಹದಿನೇಳು ಹೆಸರುಗಳ ಪಟ್ಟಿ ಕಾಣುತ್ತದೆ. ಬಹಳ ಜನ ಇಲ್ಲೇ ಗಾಬರಿಯಾಗಿ ಮುಚ್ಚುತ್ತಾರೆ. ಅಷ್ಟು ಹೆದರಬೇಕಿಲ್ಲ. ಸಮತಲವನ್ನು ಒಂದೇ ತುಣುಕಿನಿಂದ ಎರಡೂ ದಿಕ್ಕಿಗೆ ತುಂಬುವಾಗ ಸರಿಸುವುದು, ತಿರುಗಿಸುವುದು, ಮಗುಚುವುದು, ಮಗುಚಿ ಸರಿಸುವುದು ಇವುಗಳನ್ನು ಸೇರಿಸಲು ಹದಿನೇಳು ಬಗೆ ಮಾತ್ರ ಇವೆ. ಹದಿನೆಂಟನೆಯದು ಇಲ್ಲ ಎಂದು ರಷ್ಯಾದ ಸ್ಫಟಿಕಶಾಸ್ತ್ರಜ್ಞ ಫ್ಯೋದೊರೊವ್ 1891ರಲ್ಲೇ ಸಾಧಿಸಿ ತೋರಿಸಿದ್ದಾರೆ.

ನಿತ್ಯದ ಕೆಲಸಕ್ಕೆ ನಾಲ್ಕು ಗೊತ್ತಿದ್ದರೆ ಸಾಕು. ಪಿ1 ಎಂದರೆ ಬರೀ ಸರಿಸುವುದು. ಪಿಎಂ ಎಂದರೆ ಒಂದು ಬಿಟ್ಟು ಒಂದನ್ನು ಕನ್ನಡಿಯಂತೆ ಮಗುಚುವುದು. ಅಂಕುಡೊಂಕಿನ ಏರುವ ಅರ್ಧ, ಅಂದರೆ 20 ಮಿ.ಮೀ. ಅಗಲದ ಓರೆ ಪಟ್ಟೆ ಬರೆದುಕೊಟ್ಟರೆ ಇಳಿವನ್ನು ಅದೇ ಮಾಡಿಕೊಳ್ಳುತ್ತದೆ. ಕಲಬುರಗಿ ಕೋಟೆಯ ಜಾಮಾ ಮಸೀದಿಯಲ್ಲಿರುವಂಥ ಕಮಾನುಗಳ ಸಾಲಿಗೂ ಅರ್ಧ ಕಮಾನು ಬರೆದರೆ ಸಾಕು. ಪಿ4ಎಂ ಚೌಕದ ಜಾಲಿಗಳಿಗೆ (ಕಿಂಡಿಗಳಿರುವ ಜಾಲರಿಗಳಿಗೆ): 45 ಡಿಗ್ರಿಯ ಲಂಬಕೋನ ತ್ರಿಭುಜದೊಳಗೆ ಎಂಟನೇ ಒಂದು ಭಾಗ ಬರೆದರೆ ಉಳಿದ ಏಳನ್ನು ಅದು ತುಂಬುತ್ತದೆ. ಪಿ6ಎಂ ಆರು ಎಸಳಿನ ನಕ್ಷೆಗಳಿಗೆ, ಅದರ ಮೂಲ ತುಣುಕು 30–60–90 ಡಿಗ್ರಿಯ ತ್ರಿಭುಜ. ತ್ರಿಭುಜದ ಅಳತೆ ಸ್ವಲ್ಪ ತಪ್ಪಿದರೂ ತುಣುಕುಗಳು ಒಂದರ ಮೇಲೊಂದು ಏರುವುದರಿಂದ ಪಿ6ಎಂ ಕಲಿಯುವವರಿಗೆ ಮೊದಲ ಆಯ್ಕೆಯಾಗಬಾರದು.

ಎರಡನೇ ಪುಟ ‘ಶಿಫ್ಟ್’. ಇಲ್ಲಿನ ಅಂಕಿಗಳು ಶೇಕಡಾವಾರು, ಮತ್ತು ಆ ಶೇಕಡಾ ತುಣುಕಿನ ಅಳತೆಯ ಮೇಲೆ. ನಮ್ಮ ಮೂರು ಪಟ್ಟೆಗಳ ಗುಂಪಿನ (ಮೇಲೆ ಸರಿಸಿದ ಎರಡು ನಕಲು ಇಲ್ಲದೆ) ಎತ್ತರ 50 ಮಿ.ಮೀ., ಆದರೆ ಮುಂದಿನ ಸಾಲು 30 ಮಿ.ಮೀ. ಕೆಳಗೇ ಬರಬೇಕು. 20 ಮಿ.ಮೀ. ಹಿಂದಕ್ಕೆ ಎಳೆಯಬೇಕು, 50ರಲ್ಲಿ 20 ಎಂದರೆ ಶೇ. 40. ಆದ್ದರಿಂದ ‘ಪರ್ ರೋ’ ಸಾಲಿನ ‘ಶಿಫ್ಟ್ ವೈ’ಗೆ −40 ಕೊಟ್ಟರೆ ಪಟ್ಟೆಗಳು ಒಂದರೊಳಗೊಂದು ಕೂಡುತ್ತವೆ. ಕ್ಲಿಪ್ಪೂ ಬೇಡ.

ಸೀರೆಯ ಬುಟ್ಟಾಗಳ ಹಾಗೆ ಒಂದು ಬಿಟ್ಟು ಒಂದು ಕಾಲಂ (ಮೇಲಿಂದ ಕೆಳಗಿನ ಸಾಲು) ಅರ್ಧ ಇಳಿದಿರಬೇಕೆಂದರೆ ‘ಪರ್ ಕಾಲಂ’ನಲ್ಲಿ ‘ಶಿಫ್ಟ್ ವೈ’ 50 ಕೊಟ್ಟು, ಅದೇ ಪುಟದ ‘ಆಲ್ಟರ್ನೇಟ್’ ಗುರುತು ಹಾಕಿ. ಗುರುತು ಹಾಕದಿದ್ದರೆ ಇಳಿವು ಕೂಡುತ್ತಾ ಹೋಗಿ ಇಡೀ ವಿನ್ಯಾಸ ಮೆಟ್ಟಿಲಿನಂತೆ ಓರೆಯಾಗುತ್ತದೆ. ‘ರ‍್ಯಾಂಡಮೈಸ್’ಗೆ 2–3 ಕೊಟ್ಟರೆ ಕೌದಿಯ ಹೊಲಿಗೆಯಲ್ಲಿರುವಂಥ ಸಣ್ಣ ಏರುಪೇರು ಬರುತ್ತದೆ. ಕೈಕೆಲಸದ ಹಿನ್ನೆಲೆಗೆ ಅದು ಚೆಂದ, ಜಾಲಿಗೆ ಬೇಡವೇ ಬೇಡ.

ಬಣ್ಣದ ಪುಟ ಕೆಲಸ ಮಾಡುತ್ತಿಲ್ಲ ಎಂಬ ದೂರೂ ಸಾಮಾನ್ಯ. ಮೂಲ ಹೂವಿಗೆ ಬಣ್ಣ ತುಂಬಿದ್ದರೆ ಕ್ಲೋನ್ ಅದನ್ನೇ ಪಾಲಿಸುತ್ತದೆ. ಫಿಲ್ ಆ್ಯಂಡ್ ಸ್ಟ್ರೋಕ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆಯ ‘ಅನ್‌ಸೆಟ್’ ಗುಂಡಿ ಒತ್ತಿ ಮೂಲದ ಬಣ್ಣವನ್ನು ತೆಗೆದುಹಾಕಿದ ಮೇಲಷ್ಟೇ ಸಾಲು ಸಾಲಿಗೆ ಬಣ್ಣ ಬದಲಾಗುತ್ತದೆ.

ಗೇಟಿನ ಜಾಲಿ: ಎಂಟು ಮೂಲೆಯ ನಕ್ಷತ್ರ

ಇಲ್ಲಿ ಲೆಕ್ಕ ತಪ್ಪಿದರೆ ತಗಡೇ ಹಾಳು, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಗೇಟು 3 × 6 ಅಡಿ, ಅಂದರೆ 914.4 × 1828.8 ಮಿ.ಮೀ. ಸುತ್ತ ಸುಮಾರು 40 ಮಿ.ಮೀ. ಖಾಲಿ ಪಟ್ಟಿ ಬೇಕು. ಒಳಗೆ ಉಳಿಯುವುದು 834.4 × 1748.8. ಅಗಲಕ್ಕೆ 9 ನಕ್ಷತ್ರ ಎಂದರೆ ಮನೆ 92.7 ಮಿ.ಮೀ. ಆಗುತ್ತದೆ, ಎತ್ತರಕ್ಕೆ 19 ಎಂದರೆ 92.04. ಎರಡೂ ಹೊಂದುವ ಇಡೀ ಅಂಕಿ 92. ಆಗ ಜಾಲಿ 828 × 1748, ಎಡಬಲದಲ್ಲಿ 43.2, ಮೇಲೆ ಕೆಳಗೆ 40.4 ಮಿ.ಮೀ. ಉಳಿಯುತ್ತದೆ. ಈ ವ್ಯತ್ಯಾಸ ಕಣ್ಣಿಗೆ ತಿಳಿಯುವುದಿಲ್ಲ, ಯಾವ ನಕ್ಷತ್ರವೂ ಅರ್ಧಕ್ಕೆ ಕತ್ತರಿಸಿ ಹೋಗುವುದಿಲ್ಲ. ಮೊದಲು ನಕ್ಷತ್ರ ಬರೆದು ಆಮೇಲೆ ಗೇಟಿಗೆ ಹೊಂದಿಸುವವರು ಕೊನೆಗೆ ಅಂಚಿನಲ್ಲಿ ಪರದಾಡುತ್ತಾರೆ.

ನಕ್ಷತ್ರದ ಸಲಕರಣೆಯಲ್ಲಿ ಕಾರ್ನರ್ಸ್ 8, ಸ್ಪೋಕ್ ರೇಷಿಯೋ 0.765, ರೌಂಡೆಡ್ 0. ಒಂದು ಚೌಕದ ಮೇಲೆ ಇನ್ನೊಂದನ್ನು 45 ಡಿಗ್ರಿ ತಿರುಗಿಸಿ ಇಟ್ಟಾಗ ಒಳಮೂಲೆಗಳು ಹೊರಮೂಲೆಯ ದೂರದ 0.765 ಪಾಲಿನಲ್ಲಿ ಬೀಳುತ್ತವೆ. ಈ ಅಂಕಿ ಬಂದಿರುವುದು ಅಲ್ಲಿಂದ. ಬೇರೆ ಅಂಕಿ ಕೊಟ್ಟರೆ ನಕ್ಷತ್ರ ಬರುತ್ತದೆ, ಆದರೆ ಬದಿಗಳು ಒಂದೇ ನೇರಕ್ಕೆ ಬರುವುದಿಲ್ಲ. ಕಂಟ್ರೋಲ್ ಒತ್ತಿಕೊಂಡು ನೇರ ಮೇಲಕ್ಕೆ ಎಳೆದರೆ ಮೂಲೆ ಲಂಬವಾಗಿ ನಿಲ್ಲುತ್ತದೆ. ಸ್ಟ್ರೋಕ್ ತೆಗೆದು, ಕಪ್ಪು ತುಂಬಿ, ಅಗಲ ಎತ್ತರ ಎರಡನ್ನೂ 82 ಮಿ.ಮೀ. ಮಾಡಿ.

92 ಅಲ್ಲದೆ 82 ಏಕೆ? ಕಾಗದದ ಮೇಲೆ ನಕ್ಷತ್ರಗಳ ಮೂಲೆ ಮೂಲೆ ತಾಗಿದರೆ ನಡುವೆ ಚೆಂದದ ಶಿಲುಬೆಯಾಕಾರ ಮೂಡುತ್ತದೆ. ತಗಡಿನಲ್ಲಿ ಹಾಗೆ ಕತ್ತರಿಸಿದರೆ ಆ ಶಿಲುಬೆಗಳಿಗೆ ಆಧಾರವೇ ಇರದೆ ಉದುರಿಬೀಳುತ್ತವೆ. ಅದಕ್ಕೆ 10 ಮಿ.ಮೀ. ಸೇತುವೆ ಬಿಟ್ಟಿದ್ದೇವೆ. ಸೇತುವೆ ಯಾವ ಕಾರಣಕ್ಕೂ ತಗಡಿನ ದಪ್ಪಕ್ಕಿಂತ ಕಡಿಮೆ ಇರಬಾರದು. ಗೇಟಿಗಾದರೆ 8–12 ಮಿ.ಮೀ. ಇರಲಿ. ಲೇಸರ್ ಅಥವಾ ಪ್ಲಾಸ್ಮಾ ಕತ್ತರಿಸುವಾಗ ಗೆರೆಯ ಎರಡೂ ಕಡೆ ಒಂದಿಷ್ಟು ಲೋಹವನ್ನು ತಿನ್ನುತ್ತದೆ. ಅದನ್ನು ಯಂತ್ರ ನಡೆಸುವವರು ಸರಿದೂಗಿಸುತ್ತಾರೋ ನಾವೇ ಬಿಡಬೇಕೋ ಎಂದು ಕೇಳಿ ತಿಳಿದುಕೊಳ್ಳಿ.

ಈಗ 92 × 92ರ ಕಾಣದ ಚೌಕ ಬರೆದು, ಅಲೈನ್ ಫಲಕದಿಂದ (ಕಂಟ್ರೋಲ್+ಶಿಫ್ಟ್+ಎ) ನಕ್ಷತ್ರವನ್ನು ಅದರ ನಟ್ಟನಡುವೆ ಕೂರಿಸಿ ಗ್ರೂಪ್ ಮಾಡಿ. ಟೈಲ್ಡ್ ಕ್ಲೋನ್ಸ್‌ನಲ್ಲಿ ಪಿ1, ಸಾಲು 19, ಕಾಲಂ 9. ಹಿಂದಿನ ಸಲದ ಶಿಫ್ಟ್ ಅಂಕಿಗಳು ಫಲಕದಲ್ಲಿ ಹಾಗೇ ಉಳಿದಿರುತ್ತವೆ, ‘ರೀಸೆಟ್’ ಒತ್ತುವುದನ್ನು ಮರೆಯಬೇಡಿ. ಕ್ರಿಯೇಟ್ ಒತ್ತಿದರೆ ಜಾಲಿ ಸಿದ್ಧ.

ಕತ್ತರಿಸಲು ಕೊಡುವ ಮುಂಚೆ ಮೂರು ಕೆಲಸ ಬಾಕಿ. ಎಲ್ಲವನ್ನೂ ಆಯ್ದು ಶಿಫ್ಟ್+ಆಲ್ಟ್+ಡಿಯಿಂದ ನಂಟು ಕಡಿಯಿರಿ, ಕಂಟ್ರೋಲ್+ಶಿಫ್ಟ್+ಜಿಯಿಂದ ಗುಂಪು ಬಿಡಿಸಿ. ಆಮೇಲೆ ಕಾಣದ ಚೌಕಗಳನ್ನು ಅಳಿಸಬೇಕು. ಕತ್ತರಿಸುವ ಯಂತ್ರಕ್ಕೆ ಕೊಡುವ ಡಿಎಕ್ಸ್‌ಎಫ್ ಕಡತಕ್ಕೆ ಬಣ್ಣದ ಹಂಗಿಲ್ಲ, ಗೆರೆ ಇದ್ದರೆ ಸಾಕು, ಯಂತ್ರ ಪ್ರತಿ ನಕ್ಷತ್ರದ ಸುತ್ತ ಚೌಕವನ್ನೂ ಕತ್ತರಿಸಿ ಇಡೀ ಜಾಲಿಯನ್ನು ತುಂಡು ತುಂಡು ಮಾಡುತ್ತದೆ. ಔಟ್‌ಲೈನ್ ನೋಟಕ್ಕೆ ಹೋಗಿ ಒಂದು ಚೌಕ ಆಯ್ದು, ಎಡಿಟ್ > ಸೆಲೆಕ್ಟ್ ಸೇಮ್ > ಫಿಲ್ ಆ್ಯಂಡ್ ಸ್ಟ್ರೋಕ್ ಒತ್ತಿ ಡಿಲೀಟ್ ಮಾಡಿ.

ಮೂರನೆಯದನ್ನು ಯಾರೂ ಗಮನಿಸುವುದಿಲ್ಲ. ಟೈಲ್ಡ್ ಕ್ಲೋನ್ಸ್ ಮೂಲವನ್ನು ಇದ್ದಲ್ಲೇ ಬಿಟ್ಟು, ಮೊದಲ ಕ್ಲೋನನ್ನು ಸರಿಯಾಗಿ ಅದರ ಮೇಲೆಯೇ ಇಡುತ್ತದೆ. ಮೇಲಿನ ಎಡ ಮೂಲೆಯಲ್ಲಿ ಎರಡು ನಕ್ಷತ್ರಗಳಿವೆ, ಕಣ್ಣಿಗೆ ಒಂದೇ. ಯಂತ್ರ ಅಲ್ಲಿ ಎರಡು ಸಲ ಓಡುತ್ತದೆ. ಎಲ್ಲವನ್ನೂ ಆಯ್ದು ಕೆಳಗಿನ ಸ್ಥಿತಿಪಟ್ಟಿ ನೋಡಿ: 9 × 19 ಎಂದರೆ 171 ವಸ್ತುಗಳಿರಬೇಕು. 172 ಇದ್ದರೆ ಮೂಲೆಯ ನಕ್ಷತ್ರವನ್ನು ಒಮ್ಮೆ ಕ್ಲಿಕ್ಕಿಸಿ ಅಳಿಸಿ, ಅಡಿಯಲ್ಲಿರುವುದು ಉಳಿಯುತ್ತದೆ.

ಕೊನೆಗೆ ಕಂಟ್ರೋಲ್+ಶಿಫ್ಟ್+ಸಿಯಿಂದ ಎಲ್ಲವನ್ನೂ ಪಾತ್ ಮಾಡಿ, ಗೇಟಿನ ಹೊರ ಆಯತ ಸೇರಿಸಿ, ಡಿಎಕ್ಸ್‌ಎಫ್ ಆರ್14 ಆಗಿ ಉಳಿಸಿ. ಉಳಿಸುವಾಗ ಕೇಳುವ ಮೂಲಮಾನದಲ್ಲಿ ಮಿ.ಮೀ. ಆರಿಸಿ. ಈ ಕೆಲಸಕ್ಕೆ ಪ್ಯಾಟರ್ನ್ ಬಳಸಿದ್ದರೆ ಇಲ್ಲಿ ಸಿಕ್ಕಿಬೀಳುತ್ತಿದ್ದೆವು: ‘ಪ್ಯಾಟರ್ನ್ ಟು ಆಬ್ಜೆಕ್ಟ್ಸ್’ ಒತ್ತಿದರೆ ಮರಳಿ ಬರುವುದು ಒಂದೇ ಮನೆ, 171 ಅಲ್ಲ.

ಬಿದ್ರಿ ತಟ್ಟೆಯ ಬಳ್ಳಿ

ಬಿದ್ರಿ ಕೆಲಸದವರು ಮೈಲುತುತ್ತದ ನೀರು ಬಳಿದು ಕಪ್ಪಾಗಿಸಿದ ಲೋಹದ ಮೇಲೆ ಮೊನಚು ಕಡ್ಡಿಯಿಂದ ಕೈಯಲ್ಲೇ ಬಳ್ಳಿ ಬರೆಯುತ್ತಾರೆ. ದುಂಡು ಅಂಚಿನಲ್ಲಿ ಹೊರಟ ಬಳ್ಳಿ ಸುತ್ತಿ ಬಂದು ಹೊರಟಲ್ಲೇ ಸೇರುತ್ತದೆ. ಆ ಕೈಗೆ ಕಂಪ್ಯೂಟರಿನ ಸಹಾಯ ಬೇಕಿಲ್ಲ. ಗ್ರಾಹಕರಿಗೆ ನಮೂನೆ ತೋರಿಸಲು, ಒಂದೇ ಅಳತೆಯ ಹಲವು ತಟ್ಟೆಗಳಿಗೆ ನಕ್ಷೆ ಸಿದ್ಧಪಡಿಸಲು ವೆಕ್ಟರ್ ಚಿತ್ರ ಉಪಯೋಗಕ್ಕೆ ಬರುತ್ತದೆ. ಕೈ ಸಹಜವಾಗಿ ಮಾಡುವ ಸೇರಿಕೆಯನ್ನು ಇಲ್ಲಿ ಲೆಕ್ಕದಿಂದ ಮಾಡಬೇಕು.

ತಟ್ಟೆ 150 ಮಿ.ಮೀ. ಬಳ್ಳಿಯ ನಡುಗೆರೆ 130 ಮಿ.ಮೀ. ವ್ಯಾಸದ ವೃತ್ತ. ಸುತ್ತಳತೆ 408.4 ಮಿ.ಮೀ. ಬಳ್ಳಿಯ ಒಂದು ತುಣುಕು 30 ಮಿ.ಮೀ. ಇದ್ದರೆ 13 ತುಣುಕಿಗೆ 390 ಆಗಿ, 18.4 ಮಿ.ಮೀ. ಬೋಳಾಗಿ ಉಳಿಯುತ್ತದೆ. 34 ಮಿ.ಮೀ. ಮಾಡಿದರೆ 12 ತುಣುಕು ಸರಿಸುಮಾರು ಪೂರ್ತಿ ಸುತ್ತುತ್ತವೆ, ಪ್ರತಿ ತುಣುಕು 0.03 ಮಿ.ಮೀ. ಹಿಗ್ಗಿದರೆ ಸಾಕು.

ತುಣುಕನ್ನು ನೇರವಾಗಿ, ಅಡ್ಡಡ್ಡಲಾಗಿ ಬರೆಯಿರಿ. ಎಡ ತುದಿ ಮತ್ತು ಬಲ ತುದಿ ಒಂದೇ ಎತ್ತರದಲ್ಲಿರಲಿ, ಎರಡೂ ಕಡೆ ಬಾಗು ಒಂದೇ ಇಳಿಜಾರಿನಲ್ಲಿ ಹೊರಡಲಿ, ಇಲ್ಲದಿದ್ದರೆ ಪ್ರತಿ ಸೇರಿಕೆಯಲ್ಲೂ ಗಂಟು ಬೀಳುತ್ತದೆ. ತುಣುಕು ಒಂದೇ ಪಾತ್ ಆಗಿರಬೇಕು, ಗುಂಪನ್ನು ನಾವು ಬಳಸಲಿರುವ ‘ಪ್ಯಾಟರ್ನ್ ಅಲಾಂಗ್ ಪಾತ್’ ಎಫೆಕ್ಟ್ ಒಪ್ಪುವುದಿಲ್ಲ. ಸ್ಟ್ರೋಕ್ ಇದ್ದರೆ ಸ್ಟ್ರೋಕ್ ಟು ಪಾತ್ ಮಾಡಿ, ಕಂಟ್ರೋಲ್+ಕೆಯಿಂದ ಒಂದಾಗಿಸಿ. ಕಂಟ್ರೋಲ್+ಸಿ ಒತ್ತಿ. ವೃತ್ತವನ್ನು ಪಾತ್ ಮಾಡಿ ಆಯ್ದು, ಪಾತ್ ಎಫೆಕ್ಟ್ಸ್‌ನಲ್ಲಿ ‘ಪ್ಯಾಟರ್ನ್ ಅಲಾಂಗ್ ಪಾತ್’ ಸೇರಿಸಿ, ಪ್ಯಾಟರ್ನ್ ಸೋರ್ಸ್ ಪಕ್ಕದ ‘ಲಿಂಕ್ ಟು ಪಾತ್’ ಗುಂಡಿ ಒತ್ತಿ. ನಕಲಿನಲ್ಲಿ ‘ರಿಪೀಟೆಡ್, ಸ್ಟ್ರೆಚ್ಡ್’ ಆರಿಸಿ. ಬರೀ ‘ರಿಪೀಟೆಡ್’ ಆರಿಸಿದರೆ ಕೊನೆಯಲ್ಲಿ ಬೋಳು ಉಳಿಯುತ್ತದೆ. ಬಳ್ಳಿ ಒಳಮುಖವಾಗಿ ಬಂದರೆ ಪಾತ್ > ರಿವರ್ಸ್.

ಬಾಗಿಸಿದ್ದಕ್ಕೆ ಒಂದು ಬೆಲೆ ತೆರಲೇಬೇಕು. ತುಣುಕಿನ ಎತ್ತರ 16 ಮಿ.ಮೀ. ಇದ್ದರೆ ಹೊರ ಅಂಚು 73 ಮಿ.ಮೀ. ತ್ರಿಜ್ಯದಲ್ಲಿ, ಒಳ ಅಂಚು 57ರಲ್ಲಿ ಬೀಳುತ್ತದೆ. ನಡುಗೆರೆ 65. ಹೊರಭಾಗ ಶೇ. 12ರಷ್ಟು ಹಿಗ್ಗಿ, ಒಳಭಾಗ ಅಷ್ಟೇ ಕುಗ್ಗುತ್ತದೆ. ಬಳ್ಳಿಗೆ ಇದು ಒಪ್ಪುತ್ತದೆ, ದುಂಡು ಹೂವು ಮಾತ್ರ ಸೊಟ್ಟಗಾಗುತ್ತದೆ. ಹೂವನ್ನು ಬಳ್ಳಿಯಿಂದ ಬೇರ್ಪಡಿಸಿ ‘ರೊಟೇಟ್ ಕಾಪೀಸ್’ ಎಫೆಕ್ಟಿನಿಂದ ಹಾಕುವುದೇ ಸರಿ: 12 ಪ್ರತಿ, 30 ಡಿಗ್ರಿ, ತಿರುಗುವ ಕೇಂದ್ರ ತಟ್ಟೆಯ ಕೇಂದ್ರ. ಅದು ಬಾಗಿಸುವುದಿಲ್ಲ, ತಿರುಗಿಸುತ್ತದೆ ಅಷ್ಟೇ.

ತಾರ್‌ಕಶಿಯಲ್ಲಿ ಬೆಳ್ಳಿಯ ತಂತಿ, ತಹನಿಶಾನ್‌ನಲ್ಲಿ ಬೆಳ್ಳಿಯ ತಗಡಿನ ತುಂಡು ಕೂರಿಸುತ್ತಾರೆ. ನಕ್ಷೆಯಲ್ಲಿ ತಂತಿಯ ಬಳ್ಳಿಗೂ ತಗಡಿನ ಎಲೆಗೂ ಬೇರೆ ಬಣ್ಣ ಬೇಕಾದರೆ ಒಂದೇ ಎಫೆಕ್ಟಿನಲ್ಲಿ ಆಗದು, ಏಕೆಂದರೆ ಫಲಿತಾಂಶಕ್ಕೆ ವೃತ್ತದ ಬಣ್ಣ ಮಾತ್ರ ಸಿಗುತ್ತದೆ. ಎರಡು ವೃತ್ತ ತೆಗೆದುಕೊಂಡು ಒಂದರ ಮೇಲೆ ಬಳ್ಳಿ, ಇನ್ನೊಂದರ ಮೇಲೆ ಎಲೆ ಓಡಿಸಿ. ಆಗ ಎಲೆಗಳು ಬಳ್ಳಿಯಿಂದ ಜಾರಿ ಕೂರುತ್ತವೆ. ಎಲೆಗಳ ಒಟ್ಟು ಅಳತೆ ಬಳ್ಳಿಗಿಂತ ಚಿಕ್ಕದಿರುವುದರಿಂದ ಎರಡಕ್ಕೂ ಬೇರೆ ಮನೆ ಸಿಕ್ಕಿದೆ. ಎರಡೂ ತುಣುಕುಗಳಲ್ಲಿ ಒಂದೇ ಮನೆಯ ಮೇಲಿನ ಎಡ ಮೂಲೆಯಿಂದ ಮತ್ತು ಕೆಳಗಿನ ಬಲ ಮೂಲೆಯಿಂದ ಒಳಮುಖವಾಗಿ 0.1 ಮಿ.ಮೀ.ನ ಗೆರೆ ಬರೆದು ಕಂಟ್ರೋಲ್+ಕೆಯಿಂದ ಸೇರಿಸಿ. ಎರಡೇ ನೋಡಿನ ಗೆರೆಗೆ ಒಳಭಾಗ ಇಲ್ಲದ್ದರಿಂದ ಅದರಲ್ಲಿ ಬಣ್ಣ ಕಾಣುವುದಿಲ್ಲ, ಮನೆಯ ಅಳತೆ ಮಾತ್ರ ಒಂದಾಗುತ್ತದೆ.

ಮುದ್ರಿಸುವಾಗ ಪ್ರಿಂಟರಿನ ‘ಫಿಟ್ ಟು ಪೇಜ್’ ತೆಗೆದು ಶೇ. 100 ಆರಿಸಿ. ಪುಟದ ಮೂಲೆಯಲ್ಲಿ 100 ಮಿ.ಮೀ.ನ ಒಂದು ಗೆರೆ ಹಾಕಿಟ್ಟು, ಕಾಗದ ಹೊರಬಂದ ಮೇಲೆ ಅಳತೆಪಟ್ಟಿಯಿಂದ ನೋಡಿ. ಅದು 97 ತೋರಿಸಿದರೆ ತಟ್ಟೆಯ ವೃತ್ತವೂ ಅಷ್ಟೇ ಕುಗ್ಗಿದೆ.

ಬೇರೆ ತಂತ್ರಾಂಶಕ್ಕೆ ದಾಟಿಸುವಾಗ

ಊರಿನ ಫ್ಲೆಕ್ಸ್, ಡಿಟಿಪಿ ಅಂಗಡಿಗಳಲ್ಲಿ ಕೋರಲ್‌ಡ್ರಾ ಇರುವ ಸಂಭವ ಹೆಚ್ಚು. ಅದರಲ್ಲಿ ಸಾಲಾಗಿ ನಕಲು ಮಾಡಲು ‘ಸ್ಟೆಪ್ ಆ್ಯಂಡ್ ರಿಪೀಟ್’ ಇದೆ (ಕಂಟ್ರೋಲ್+ಶಿಫ್ಟ್+ಡಿ): ಎಷ್ಟು ಪ್ರತಿ, ಎಷ್ಟು ಅಂತರ ಎಂದು ಅಂಕಿ ಕೇಳುತ್ತದೆ, ಮನೆಯ ಅಳತೆಯನ್ನೇ ಅಂತರವಾಗಿ ಕೊಡಬೇಕು. ಇಲಸ್ಟ್ರೇಟರಿನಲ್ಲಿ 2012ರ ಸಿಎಸ್6ರಿಂದ ಆಬ್ಜೆಕ್ಟ್ > ಪ್ಯಾಟರ್ನ್ > ಮೇಕ್ ಬಂದಿದೆ. ಅಲ್ಲಿ ‘ಬ್ರಿಕ್ ಬೈ ಕಾಲಂ’ ಆರಿಸಿದರೆ ಮೇಲೆ ಹೇಳಿದ ಅರ್ಧ ಇಳಿವು ನೇರವಾಗಿ ಸಿಗುತ್ತದೆ.

ಇಂಕ್‌ಸ್ಕೇಪಿನ ಕಡತವನ್ನು ಅಂಗಡಿಗೆ ಒಯ್ಯುವಾಗ ಎರಡು ಪ್ರತಿ ಮಾಡಿ. ಕ್ಲೋನ್, ಎಫೆಕ್ಟ್‌ಗಳು ಜೀವಂತವಿರುವ ಮೂಲ ಎಸ್‌ವಿಜಿ ನಿಮ್ಮಲ್ಲೇ ಇರಲಿ. ಕೊಡುವ ಪ್ರತಿಯಲ್ಲಿ ಕ್ಲೋನ್‌ಗಳ ನಂಟು ಕಡಿದು, ಎಫೆಕ್ಟ್‌ಗಳನ್ನೂ ಅಕ್ಷರಗಳನ್ನೂ ಪಾತ್ ಮಾಡಿ ಪಿಡಿಎಫ್ ಆಗಿ ಉಳಿಸಿ. ಪ್ಯಾಟರ್ನ್ ತುಂಬಿದ ಭಾಗ ಬೇರೆ ತಂತ್ರಾಂಶದಲ್ಲಿ ಹಾಗೆಯೇ ತೆರೆದುಕೊಳ್ಳುತ್ತದೆಂಬ ಖಾತರಿ ಇಲ್ಲ. ಅದನ್ನು 254 ಡಿಪಿಐನ ಪಿಎನ್‌ಜಿಯಾಗಿಯೂ ಜೊತೆಗೆ ಕೊಟ್ಟು, ಅಂಗಡಿಯ ಪರದೆಯ ಮೇಲೆ ಎರಡನ್ನೂ ತೆರೆಸಿ, ಮನೆಯ ಅಂಚುಗಳನ್ನು ನೋಡಿಯೇ ಮುದ್ರಣಕ್ಕೆ ಒಪ್ಪಿಗೆ ಕೊಡಿ.